ಪೇಂಟು ಒಡೆದು ಹೋಯ್ತು ಸಾರ್!

ಪೇಂಟ್ ಅಂಗಡಿಯವನಿಗೆ ಡಬ್ಬ ಮಾರಿದ ಮಾತ್ರಕ್ಕೆ ಕೆಲಸ ಮುಗಿಯೋದಿಲ್ಲ. ಡಬ್ಬ ವಾಪಸ್ ಬರುತ್ತೆ, ಅದರ ಹಿಂದೆ ಒಂದು ಸಂಸಾರವೂ ಬರುತ್ತೆ. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ, ಕೆಮಿಸ್ಟ್ರಿ ಓದಿಕೊಂಡು ಚಿಂತಾಮಣಿಯಲ್ಲಿ ಅಂಗಡಿ ಇಟ್ಟ ಮೇಲೆ ನನಗೆ ಇದು ಮಾಮೂಲಾಯಿತು.

ಒಡೆದ ಹಾಲು

ಮಗಳ ನಿಶ್ಚಿತಾರ್ಥಕ್ಕೆ ಬಾಗಿಲಿಗೆ ಆಯಿಲ್ ಪೇಂಟ್ ಹೊಡೆಸುತ್ತಿದ್ದ ದಂಪತಿ ಓಡೋಡಿ ಬಂದರು. ಪೇಂಟ್ ತೆಳುವಾಗಿಸುವ ಟರ್ಪಂಟೈನ್ ಮುಗಿದಿತ್ತಂತೆ, ಯಜಮಾನರು ಒಂದು ಚೊಂಬು ನೀರು ಸುರಿದಿದ್ದರು. ಡಬ್ಬದ ತುಂಬ ಗಂಟುಗಂಟು.

"ಆಯಿಲ್ ಪೇಂಟ್ ಅಂದ್ರೆ ಎಣ್ಣೇಲಿ ತೇಲೋ ಸಣ್ಣ ಪುಡಿ ಕಣಮ್ಮ. ಸುತ್ತ ಇರೋ ದ್ರವ ಒಗ್ಗಿದ್ರೆ ಕಣಗಳು ಬಿಡಿಬಿಡಿಯಾಗಿರ್ತವೆ, ಒಗ್ಗದೇ ಇದ್ರೆ ಒಂದಕ್ಕೊಂದು ಅಂಟ್ಕೊಂಡು ಮುದ್ದೆ ಆಗ್ತವೆ," ಎಂದೆ.

ಆಕೆ ಗಂಡನನ್ನು ದುರುಗುಟ್ಟಿ ನೋಡಿದರು. "ಹಾಲು ಒಡೆದಿದ್ರೆ ಬೀಗರಿಗೆ ಸ್ವೀಟಾದ್ರೂ ಮಾಡ್ತಿದ್ದೆ. ಇದನ್ನೇನ್ ಬಡಿಸ್ಲಿ?"

ಮೇಷ್ಟ್ರ ಬೇಳೆ

ಹಳ್ಳಿ ಶಾಲೆಯ ಹೆಡ್‌ಮೇಷ್ಟ್ರು ನೀರಿನಲ್ಲಿ ಕಲಸುವ ಗೋಡೆ ಬಣ್ಣ ಡಿಸ್ಟೆಂಪರಿನ ಗಂಟುಗಳನ್ನು ಪೇಪರಿನಲ್ಲಿ ಕಟ್ಟಿಕೊಂಡು ಬಂದರು. ವಾರ್ಷಿಕೋತ್ಸವ ಹತ್ತಿರದಲ್ಲೇ ಇತ್ತು, ಗೋಡೆಯೆಲ್ಲ ತರಿತರಿ.

"ಯಾವ ನೀರು ಹಾಕಿದ್ರಿ?"

"ಬೋರ್‌ವೆಲ್‌ದು."

"ನೀರಲ್ಲಿ ಪೇಂಟಿನ ಕಣಗಳು ಒಂದನ್ನೊಂದು ತಳ್ಳಿಕೊಂಡು ದೂರ ಇರ್ತವೆ ಸಾರ್. ಗಡಸು ನೀರಿನ ಉಪ್ಪಿನಂಶ ಆ ತಳ್ಳಾಟ ನಿಲ್ಲಿಸಿಬಿಡುತ್ತೆ. ಆ ನೀರಲ್ಲಿ ಬೇಳೇನೂ ಬೇಯಲ್ಲ, ಗೊತ್ತಲ್ಲ?"

ಮೇಷ್ಟ್ರು ಪೇಪರ್ ಪೊಟ್ಟಣವನ್ನು ಕೌಂಟರಿನ ಮೇಲಿಟ್ಟರು. "ಬೇಳೆ ಬೇಯದೇ ಇರೋದು ನೀರಿಂದಾನಾ? ಮದುವೆ ಆದಾಗಿಂದ ನಮ್ಮನೆಯವಳನ್ನ ಬೈತಾ ಬಂದಿದ್ದೀನಲ್ಲಪ್ಪ!"

ಮೆಟ್ಟಿಲಿಳಿದವರು ತಿರುಗಿ ಬಂದು ಮೆಲ್ಲಗೆ ಹೇಳಿದರು: "ಅವಳು ಅಂಗಡಿ ಕಡೆ ಬಂದ್ರೆ, ಪೇಂಟ್ ವಿಷಯ ಬಿಟ್ಟು ಬೇರೇನಾದ್ರೂ ಮಾತಾಡಿ."

ಅಣ್ಣತಮ್ಮಂದಿರು

ಕೆಂಚಾರ್ಲಹಳ್ಳಿಯ ಅಣ್ಣತಮ್ಮಂದಿರಿಬ್ಬರು ಭಾಗವಾದಾಗಿಂದ ಮಾತು ಬಿಟ್ಟಿದ್ದರು. ಅಮ್ಮ ಇದ್ದ ನಡುಮನೆಗೆ ಬಣ್ಣ ಹೊಡೆಸಲು ಮಾತ್ರ ಇಬ್ಬರೂ ಪೈಪೋಟಿಗೆ ಬಿದ್ದರು. ಬೆಳಿಗ್ಗೆ ಅಣ್ಣ ಬಿಳೀ ಆಯಿಲ್ ಪೇಂಟ್ ಒಯ್ದ. ಮಧ್ಯಾಹ್ನ ತಮ್ಮ ನೀರಿನಲ್ಲಿ ಕಲಸುವ ಬಿಳೀ ಪೇಂಟ್ ಒಯ್ದ. ಯಾರದು ಮೊದಲು ಹಚ್ಚಿದರೂ ಇನ್ನೊಬ್ಬನಿಗೆ ನೋವೆಂದು ಆ ತಾಯಿ ಎರಡನ್ನೂ ಒಂದೇ ಬಕೆಟ್ಟಿಗೆ ಸುರಿದು ಕಲಸಿಬಿಟ್ಟರು.

ಮರುದಿನ ಇಬ್ಬರೂ ಬಂದು ಕೌಂಟರಿನ ಎರಡು ತುದಿಯಲ್ಲಿ ನಿಂತರು.

"ಅವನ ಪೇಂಟಿಂದ ನಂದು ಕೆಟ್ಟಿದ್ದು ಅಂತ ಹೇಳಿ ಸಾರ್," ಎಂದ ಅಣ್ಣ.

"ಸಾರ್, ಅವರ್ದೇ ಸರಿಯಿರ್ಲಿಲ್ಲ ಅಂತ ಅವರಿಗೆ ಹೇಳಿ."

"ಎರಡೂ ಸರಿಯಾಗೇ ಇತ್ತು," ಎಂದೆ. "ಎಣ್ಣೇಲಿ ಇರೋ ಕಣ ನೀರಿಗೆ ಒಗ್ಗಲ್ಲ. ಎರಡನ್ನೂ ಕಲಸಿದ್ದೇ ತಪ್ಪು. ನಿಮ್ಮಮ್ಮನಿಗೆ ಅಷ್ಟೂ ತಿಳೀಬಾರದಾ?"

ಎರಡು ತುದಿಯಿಂದ ಇಬ್ಬರೂ ನಡುವಿಗೆ ಬಂದರು.

"ಅಮ್ಮನ ಸುದ್ದಿಗೆ ಬರಬೇಡಿ!" ಎಂದ ಅಣ್ಣ.

"ನೋಡಣ್ಣಾ, ಏನಂತಾನೆ ಇವ್ನು!" ಎಂದ ತಮ್ಮ.

'ಅಣ್ಣಾ' ಎಂದಿದ್ದು ಕೇಳಿ ಅಣ್ಣನ ಕಣ್ಣು ತುಂಬಿತು. "ನಡಿಯಪ್ಪ, ಹೋಗಣ," ಎಂದು ತಮ್ಮನ ಹೆಗಲ ಮೇಲೆ ಕೈ ಹಾಕಿದ. ಬೇರೆ ಬೇರೆ ಗಾಡಿಯಲ್ಲಿ ಬಂದವರು ಒಂದೇ ಗಾಡಿಯಲ್ಲಿ ಹೊರಟರು. ಒಂದು ಮನೆ ಕೂಡಿಸಿದೆನಲ್ಲ ಎಂದು ಬಾಗಿಲಿಗೇ ಬಂದು ನಿಂತೆ.

ಗಾಡಿ ನೇರವಾಗಿ ಎದುರಿನ ಪೇಂಟ್ ಅಂಗಡಿ ಮುಂದೆ ನಿಂತಿತು.