ಬಾವಿಯ ತಳದಲ್ಲಿರುವ ಕ್ಯಾಮೆರಾ ಮಹಾಶಯರಿಗೆ

ಮಾನ್ಯರೇ,

ಮುಳುಗಿದರೂ ಒದ್ದೆಯಾಗದ, ಕತ್ತಲಿಗೂ ಅಂಜದ ತಮಗೆ ಹಂಗಳದ ಚಿಕ್ಕಬಸವಯ್ಯನ ಅನಂತ ನಮಸ್ಕಾರಗಳು. ನಮ್ಮ ಬೀದಿಯ ಬಾವಿಯಲ್ಲಿ ತಾವು ಕ್ಷೇಮವೆಂದು ಭಾವಿಸುತ್ತೇನೆ. ಬಾವಿಗೆ ಬಿದ್ದ ಪಾತ್ರೆಯನ್ನು ಎತ್ತುವ ಕೊಕ್ಕೆಗಳ ಗೊಂಚಲು, ಅಂದರೆ ಪಾತಾಳಗರಡಿ, ಈ ಬೀದಿಯಲ್ಲಿ ನನ್ನ ಮನೆಯಲ್ಲಿ ಮಾತ್ರ ಇರುವುದರಿಂದ ಈ ದೂರು ಬರೆಯುವ ಭಾಗ್ಯವೂ ನನ್ನದೇ ಆಗಿದೆ.

ನನ್ನ ತಂಗಿ ಗುರುಸಿದ್ದಮ್ಮ ತನ್ನ ಮಗಳು ಭವ್ಯಳ ಮದುವೆಗೆ ಮೀಸಲು ನೀರು ತರಲೆಂದು ನಮ್ಮವ್ವನ ಹಿತ್ತಾಳೆ ಬಿಂದಿಗೆಯನ್ನು ಬೆಳಗಿ ಬಾವಿಗೆ ಬಿಟ್ಟಾಗ ಹಗ್ಗ ಕಳಚಿತು. ನಾನು ಪಾತಾಳಗರಡಿ ಇಳಿಸಲು ಅಟ್ಟಕ್ಕೆ ಏಣಿ ಹಾಕುವಷ್ಟರಲ್ಲಿ, ಮದುವೆಯ ಫೋಟೊ ಹಿಡಿಯಲು ಗುಂಡ್ಲುಪೇಟೆಯಿಂದ ಬಂದಿದ್ದ ಸುನೀಲ್ ಕುಮಾರ್ ಅವರು, ಈ ತುಕ್ಕು ಕಬ್ಬಿಣವೇಕೆಂದು ತಮ್ಮನ್ನು ಇಳಿಬಿಟ್ಟರು. ಗಾಜಿನ ಕವಚ, ಎರಡು ದೀಪ, ಮೇಲಿನ ಟಿವಿಗೆ ಚಿತ್ರ ಕಳಿಸುವ ತಂತಿ, ಜೊತೆಗೆ ಮದುಮಕ್ಕಳನ್ನು ಈಜುಕೊಳದಲ್ಲಿ ಮುಳುಗಿಸಿ ನಗಿಸಿದ ಅಪಾರ ಅನುಭವ, ಎಲ್ಲವೂ ತಮ್ಮಲ್ಲಿತ್ತು. ಬಿಂದಿಗೆ ಎಷ್ಟು ಚೆನ್ನಾಗಿ ಕಂಡಿತೆಂದರೆ, ಬೀದಿಯವರೆಲ್ಲ ಅದು ಸಿಕ್ಕಿತೆಂದುಕೊಂಡು ಮನೆಗೆ ಹೋದರು.

ಸಂಜೆಯೊಳಗೆ ಅದರ ಚಿತ್ರ ಕಟ್ಟು ಹಾಕಿಸಿಕೊಂಡು ಬಂತು. ಗುರುಸಿದ್ದಮ್ಮ ಅದನ್ನು ತಿರುಗಿಸಿ ನೋಡಿ, “ಚೆಂದಾಗದೆ ಕಣಪ್ಪ, ಇದ್ರಲ್ಲಿ ನೀರ್ ಎಂಗ್ ತರನ?” ಎಂದು ಕೇಳಿ ಅಳತೊಡಗಿದಳು. ಮೊಮ್ಮಗಳ ಮದುವೆಗೂ ಆ ಬಿಂದಿಗೆಯಲ್ಲೇ ನೀರು ಬರಬೇಕೆಂದು ನಮ್ಮವ್ವ ಹೇಳಿ ಹೋಗಿದ್ದಳು. ಇನ್ನೂ ಸ್ಪಷ್ಟವಾದ ಚಿತ್ರ ತೆಗೆದರೆ ಸಮಾಧಾನವಾದೀತೆಂದು ಸುನೀಲ್ ಕುಮಾರ್ ಅವರು ತಮ್ಮನ್ನು ಮತ್ತೆ ಇಳಿಸಿದರು. ತಂತಿ ಮೇಲೆ ಬಂತು, ತಾವು ಬರಲಿಲ್ಲ.

ಪಾತಾಳಗರಡಿಯನ್ನು ಬರಿಗೈಯಲ್ಲಿ ಬಂದವರಿಗೆ ಕೊಡುವ ಪದ್ಧತಿಯಿಲ್ಲ. ಒಂದು ಪಾತ್ರೆ ಒತ್ತೆ ಇಡಬೇಕು. ಸುನೀಲ್ ಕುಮಾರ್ ಅವರು ಊಟದ ಡಬ್ಬಿಯನ್ನೇ ಇಟ್ಟು, ತಮ್ಮನ್ನು ಎತ್ತಲೆಂದು ಆ ತುಕ್ಕು ಕಬ್ಬಿಣವನ್ನು ಇಳಿಬಿಟ್ಟರು. ಅದು ಬಿಂದಿಗೆಯ ಕಂಠ ಹಿಡಿದು ಮೇಲೆ ಬಂತು. ಭವ್ಯಳ ಧಾರೆಗೆ ನಮ್ಮವ್ವನ ಬಿಂದಿಗೆಯಲ್ಲೇ ನೀರು ಬಂತು.

ತಮಗಾದರೋ ಕಂಠವಿಲ್ಲ, ಕೊಕ್ಕೆ ಸಿಗಲು ಒಂದು ಅಂಚೂ ಇಲ್ಲ. ಆದಕಾರಣ ಆದಷ್ಟು ಬೇಗ ಒಂದು ಕಂಠ ಬೆಳೆಸಿಕೊಳ್ಳಬೇಕೆಂದೂ, ಅಲ್ಲಿಯವರೆಗೆ ದೀಪವನ್ನಾದರೂ ಆರಿಸಿಕೊಳ್ಳಬೇಕೆಂದೂ ಸವಿನಯವಾಗಿ ಕೋರುತ್ತೇನೆ. ಕಪ್ಪೆಗಳಿಗೆ ರಾತ್ರಿ ಯಾವುದೆಂದು ತಿಳಿಯುತ್ತಿಲ್ಲ.

ಬಾವಿಕಟ್ಟೆಯ ಮೇಲಿನಿಂದ,
ತಮ್ಮ ವಿಶ್ವಾಸಿ,
ಚಿಕ್ಕಬಸವಯ್ಯ

ಮರೆತ ಮಾತು: ತಮ್ಮ ಯಜಮಾನರು ಚಿಂತಿಸಬೇಕಾಗಿಲ್ಲ. ತಮ್ಮದೇ ದೀಪದ ಬೆಳಕಿನಲ್ಲಿ ಗುರುಸಿದ್ದಮ್ಮ ಮೊಬೈಲಿನಿಂದ ತಮ್ಮ ಫೋಟೊ ಹಿಡಿದಿದ್ದಾಳೆ. ಕಟ್ಟಿನೊಳಗಿದ್ದ ಬಿಂದಿಗೆಯ ಚಿತ್ರ ಬಿಚ್ಚಿ, ಅದರಲ್ಲೇ ತಮ್ಮದನ್ನು ಹಾಕಿಸಿ, ಡಬ್ಬಿಯ ಜೊತೆ ಅವರಿಗೆ ಕಳಿಸಿದ್ದೇವೆ. ಬಹಳ ಸ್ಪಷ್ಟವಾಗಿ ಬಂದಿದೆ. ನೋಡಿದವರೆಲ್ಲ ತಾವು ಸಿಕ್ಕಿದಿರೆಂದೇ ಹೇಳುತ್ತಿದ್ದಾರೆ.