ಕೀನ್ಯಾದ ಮೇಷ್ಟ್ರಿಗೆ ಹಾರ ಹಾಕಿದ್ದು

ಹಳ್ಳಿ ಶಾಲೆಯ ಮಕ್ಕಳನ್ನು ವಿದೇಶದ ಮಕ್ಕಳ ಜೊತೆ ಮಾತಾಡಿಸುವುದು ಏನು ಮಹಾ ಕೆಲಸ? ಟಿವಿ ಇದೆ, ಇಂಟರ್ನೆಟ್ ಇದೆ, ಎಲ್ಲಕ್ಕಿಂತ ಮಿಗಿಲಾಗಿ ಇಂಗ್ಲಿಷ್ ಟೀಚರ್ ಆದ ನಾನಿದ್ದೇನೆ! ಅಜ್ಜಂಪುರದ ಹತ್ತಿರದ ನಮ್ಮ ಶಾಲೆಗೆ ದಾನಿಯೊಬ್ಬರು ದೊಡ್ಡ ಟಿವಿ ಕೊಟ್ಟ ದಿನದಿಂದ ನನಗೆ ಇದೇ ಗುಂಗು. ಶಿಕ್ಷಕರ ಆನ್‌ಲೈನ್ ಗುಂಪೊಂದರಲ್ಲಿ ಕೀನ್ಯಾ ದೇಶದ ಸ್ಯಾಮುಯೆಲ್ ಎಂಬ ಮೇಷ್ಟ್ರು ಪರಿಚಯವಾದರು. ಅವರ ಏಳನೇ ಕ್ಲಾಸು, ನಮ್ಮ ಏಳನೇ ಕ್ಲಾಸು, ಅರ್ಧ ಗಂಟೆ ವಿಡಿಯೋ ಕಾಲ್. ಮಕ್ಕಳು ಮಕ್ಕಳೊಂದಿಗೆ ಮಾತಾಡಬೇಕು, ಅಷ್ಟೇ.

ಮಕ್ಕಳಿಗಂತೂ ಊಟ ನಿದ್ದೆ ಬೇಡವಾಯಿತು. ತರಗತಿಯಲ್ಲಿ ಇಂಗ್ಲಿಷ್ ಎಂದರೆ ತುಟಿಗೆ ಹೊಲಿಗೆ ಹಾಕಿಕೊಳ್ಳುತ್ತಿದ್ದ ಭೂಮಿಕಾ ಕೂಡ, ಶಾಲೆಗೆ ಬರುವ ದಾರಿಯಲ್ಲಿ ನಿಮಗೆ ಆನೆ ಸಿಗುತ್ತದೆಯೇ ಎಂಬ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿದಳು. ಈರುಳ್ಳಿ ಹೊಲದಲ್ಲಿ ಕಳೆ ಕೀಳುವಾಗಲೂ ಅದನ್ನೇ ವಟಗುಟ್ಟುತ್ತಾಳೆಂದು ಅವಳ ತಾಯಿ ದೂರು ತಂದರು.

ನಾನು ಮಾತ್ರ ಬೇರೆ ಚಿಂತೆಯಲ್ಲಿದ್ದೆ.

"ರೀ, ಹೊರದೇಶದೋರು ಬತ್ತಾವ್ರೆ. ಒಂದು ಹಾರ, ಒಂದು ಶಾಲು ಬೇಡ್ವಾ?" ಎಂದು ಯಜಮಾನರನ್ನು ಕೇಳಿದೆ.

"ಎಲ್ಲಿ ಬತ್ತಾರೆ ಕಣೇ? ಅವ್ರು ಅವ್ರ ಸ್ಕೂಲಲ್ಲೇ ಕೂತಿರ್ತಾರೆ. ಹುಡುಗ್ರು ಮಾತಾಡ್ಕಳ್ಲಿ, ನೀನು ಸುಮ್ನಿರು."

ಮೊಳೆ, ನಟ್ಟು, ಬೋಲ್ಟು ಮಾರುವವರಿಗೆ ಸಭಾ ಮರ್ಯಾದೆ ಎಲ್ಲಿಂದ ಗೊತ್ತಾಗಬೇಕು! ಹೆಡ್‌ಮಾಸ್ಟರು ತರಬೇತಿಗೆಂದು ತರೀಕೆರೆಗೆ ಹೋಗಿದ್ದರಿಂದ ಶಾಲೆಯ ಪ್ರಭಾರ ಅಂದು ನನ್ನ ಹೆಗಲ ಮೇಲಿತ್ತು. ಬಸ್‌ಸ್ಟ್ಯಾಂಡಿನಲ್ಲಿ ತೋಳಿನಷ್ಟು ದಪ್ಪದ ಚೆಂಡುಹೂವಿನ ಹಾರ ಕೊಂಡೆ, ಮನೆಯಲ್ಲಿದ್ದ ಶಾಲೊಂದನ್ನು ಚೀಲಕ್ಕೆ ಹಾಕಿಕೊಂಡೆ.

ಕಾಲ್ ಬಂತು. ಪರದೆಯ ತುಂಬ ಸ್ಯಾಮುಯೆಲ್ ಮೇಷ್ಟ್ರ ನಗುಮುಖ, ಹಿಂದೆ ಅವರ ಮಕ್ಕಳು. ನಮ್ಮ ಮಕ್ಕಳು ಹೋ ಎಂದರು. "ಸೈಲೆನ್ಸ್!" ಎಂದೆ ನಾನು. ಮೊದಲು ಪ್ರಾರ್ಥನೆ. ಆ ಕಡೆಯ ಗಲಾಟೆ ಅಡ್ಡಿಯಾಗಬಾರದೆಂದು ಟಿವಿಯ ಸದ್ದು ಅಡಗಿಸಿದೆ. ಆಮೇಲೆ ಟಿವಿಯ ಮುಂದೆ ಸ್ಟೂಲಿಟ್ಟು ದೀಪ ಬೆಳಗಿಸಿದೆ, ಎರಡು ಊದುಬತ್ತಿ ಹಚ್ಚಿದೆ. ಆಮೇಲೆ ಸನ್ಮಾನ. ಶಾಲು ಹೊದಿಸೋಣವೆಂದರೆ ಟಿವಿಗೆ ಭುಜವಿಲ್ಲ! ಅದರ ತಲೆಯ ಮೇಲೆ ಮಡಿಸಿಟ್ಟು, ಹಾರ ಹಾಕಿದೆ. ಚಪ್ಪಾಳೆಯೋ ಚಪ್ಪಾಳೆ.

ಟಿವಿಯ ನೆತ್ತಿಯ ಮೇಲಿದ್ದ ಪುಟ್ಟ ಕ್ಯಾಮೆರಾ ಆ ಹಾರದ ಅಡಿಯಲ್ಲಿ ಸಮಾಧಿಯಾಯಿತು. ನನಗೆ ತಿಳಿಯಲಿಲ್ಲ. ನಾನು ಟಿವಿಗೆ ಬೆನ್ನು ಮಾಡಿ ಸ್ವಾಗತ ಭಾಷಣ ಶುರು ಮಾಡಿದ್ದೆ.

ನಡುವೆ ಭೂಮಿಕಾ ಎದ್ದಳು. "ಮಿಸ್, ಅವ್ರು ಕೈ ಆಡಿಸ್ತಾವ್ರೆ."

"ನಮಸ್ಕಾರ ಮಾಡ್ತಾವ್ರೆ ಕಣೇ. ನೀವೂ ಮಾಡಿ."

ಮಕ್ಕಳೆಲ್ಲ ಕೈ ಮುಗಿದರು. ಸ್ವಾಗತದ ನಂತರ ಪ್ರಾಸ್ತಾವಿಕ ನುಡಿ, ಅದೂ ನನ್ನದೇ. ಆ ಕಡೆ ಪಾಪ ಬರೀ ಹಳದಿ ಕಾಣಿಸಿ, ಕೈ ಬೀಸಿ ಸಾಕಾದ ಸ್ಯಾಮುಯೆಲ್ ಮೇಷ್ಟ್ರು ಪರದೆಯ ಹತ್ತಿರ ಮುಖ ತಂದು, ಗಂಭೀರವಾಗಿ, ಮಿಸುಕದೆ ದಿಟ್ಟಿಸುತ್ತ ಕೂತುಬಿಟ್ಟಿದ್ದರಂತೆ.

ಆಗ ಬಂದರು ಶಾಲಾ ಸಮಿತಿಯ ಅಧ್ಯಕ್ಷರಾದ ಮರುಳಸಿದ್ದಪ್ಪನವರು. ಎಂದಿನಂತೆ ತಡವಾಗಿ. ಬಾಗಿಲಲ್ಲೇ ನಿಂತು ನೋಡಿದರು. ಹಾರ, ದೀಪ, ಊದುಬತ್ತಿ, ನಡುವೆ ಗಂಭೀರವಾದ ಮುಖ, ಎದುರಿಗೆ ಕೈಮುಗಿದು ಕೂತ ಮಕ್ಕಳು. ಮೆಲ್ಲನೆ ಚಪ್ಪಲಿ ಬಿಟ್ಟು, ತಲೆಯ ಟವೆಲ್ ತೆಗೆದು ಕಂಕುಳಿಗಿಟ್ಟುಕೊಂಡರು.

"ಯಾವಾಗ ಹೋದ್ರು ಮೇಡಮ್ಮೋರೆ? ಚಿಕ್ಕ ವಯಸ್ಸು, ಪಾಪ. ಏಳ್ರಪ್ಪಾ, ಎಲ್ಲಾ ಎದ್ ನಿಂತ್ಕಳಿ. ಒಂದ್ನಿಮಿಷ ಮೌನ."

ಮಕ್ಕಳು ಎದ್ದರು. ನಾನು ತಿರುಗಿ ನೋಡಿದೆ. ಅಯ್ಯೋ ದೇವರೇ, ಥೇಟ್ ಶ್ರದ್ಧಾಂಜಲಿ ಸಭೆ! ಬಾಯಿ ತೆರೆದೆ. ಆದರೆ ಅಧ್ಯಕ್ಷರು ಆಗಲೇ ಕಣ್ಣು ಮುಚ್ಚಿದ್ದರು. ಮೌನಾಚರಣೆಯ ನಡುವೆ ಮಾತಾಡುವುದು ಸಭಾ ಮರ್ಯಾದೆಯಲ್ಲವೆಂದು ನಾನೂ ತಲೆ ತಗ್ಗಿಸಿ ನಿಂತೆ!

ಅಧ್ಯಕ್ಷರು ಕಣ್ಣು ಬಿಟ್ಟ ಹೊತ್ತಿಗೆ ಸರಿಯಾಗಿ, ಈ ಹಳದಿಯೆಲ್ಲ ತಮ್ಮ ಕನ್ನಡಕದ ದೋಷವಿರಬಹುದೆಂದು ಸ್ಯಾಮುಯೆಲ್ ಮೇಷ್ಟ್ರು ಕನ್ನಡಕ ತೆಗೆದು ಅಂಗಿಯಲ್ಲಿ ಒರೆಸಿಕೊಂಡರು.

"ಅಯ್ಯಯ್ಯೋ ಸಿವನೇ! ಫೋಟೋ ಕನ್ನಡಕ ತೆಗೀತಲ್ರೀ!" ಎಂದು ಚೀರಿದ ಅಧ್ಯಕ್ಷರು ಹಿಂದಕ್ಕೆ ಹಾರಿ ಬೆಂಚಿನ ಮೇಲೆ ಕೂತರು. ಬೆಂಚು ಮಗುಚಿತು.

ಹಾರ ಕಿತ್ತೆಸೆದು ಟಿವಿಗೆ ಮತ್ತೆ ಸದ್ದು ಕೊಟ್ಟೆ. ಸ್ಯಾಮುಯೆಲ್ ಮೇಷ್ಟ್ರಿಗೆ ಕೊನೆಗೂ ನಾವು ಕಂಡೆವು. ಅವರು ಕಂಡದ್ದು ನೆಲದ ಮೇಲೆ ಕಾಲು ಮೇಲಾಗಿದ್ದ ಅಧ್ಯಕ್ಷರನ್ನು, ಅವರನ್ನು ಎತ್ತುತ್ತಿದ್ದ ನನ್ನನ್ನು. ಅಷ್ಟರಲ್ಲಿ ಅಲ್ಲಿ ಗಂಟೆ ಬಾರಿಸಿತು. ಅವರ ಮಕ್ಕಳಿಗೆ ಪರೀಕ್ಷೆಯಿತ್ತು. ಕ್ಷಮಿಸಿ ಎಂದರು, ಹೋದರು. ವಂದನಾರ್ಪಣೆ ಬಾಕಿ ಉಳಿಯಿತು.

"ಮಿಸ್, ನಾನು ಕೇಳ್ಲೇ ಇಲ್ಲ," ಎಂದಳು ಭೂಮಿಕಾ. ಕಣ್ಣಲ್ಲಿ ನೀರಿತ್ತು. ಅರ್ಧ ಗಂಟೆಯನ್ನು ಪೂರ್ತಿ ನಾನೇ ನುಂಗಿದ್ದೆ, ನಾಚಿಕೆಯಾಯಿತು.

ಮನೆಯಲ್ಲಿ ಯಜಮಾನರು ನಕ್ಕೂ ನಕ್ಕೂ ಕೆಮ್ಮತೊಡಗಿದರು. "ಬದುಕಿರೋರ್ಗೆ ತಿಥಿ ಮಾಡ್ಬಿಟ್ಯಲ್ಲೇ!"

ಕ್ಷಮೆ ಕೋರಿ ನಾನು ಬರೆದ ಉದ್ದದ ಇ-ಮೇಲಿಗೆ ಸ್ಯಾಮುಯೆಲ್ ಮೇಷ್ಟ್ರು ಪುಟ್ಟ ಉತ್ತರ ಕೊಟ್ಟರು. ನಿಮ್ಮ ಹಳದಿ ಬಹಳ ಚೆನ್ನಾಗಿತ್ತು, ಮುಂದಿನ ವಾರ ಮಕ್ಕಳು ಇನ್ನೊಮ್ಮೆ ಮಾತಾಡಲಿ, ಆದರೆ ಟೀಚರುಗಳು ಇಬ್ಬರೂ ಕೋಣೆಯ ಹೊರಗಿರೋಣ. ಇಬ್ಬರೂ ಎಂದದ್ದು ಅವರ ದೊಡ್ಡತನ.

ಹಾಗೆ ಮುಂದಿನ ವಾರ ನಾನು ವರಾಂಡದಲ್ಲಿ ನಿಂತೆ. ಮೊದಲಿಗೆ ಆನೆಯ ಪ್ರಶ್ನೆ ಕೇಳಿಸಿತು. ಆಮೇಲೆ ಭೂಮಿಕಾಳ ಇಂಗ್ಲಿಷು, ಹರಕು ಮುರುಕು, ಆದರೆ ಊಟದ ಗಂಗಾಳ ಬಡಿದ ಹಾಗೆ ಜೋರು! ಎರಡು ದೇಶದ ಮಕ್ಕಳು ಒಟ್ಟಿಗೆ ನಗುತ್ತಿದ್ದಾರೆ. ಇಷ್ಟು ವರ್ಷ ನಾನು ತಲೆಕೆಳಗಾದರೂ ಬಾರದ ಇಂಗ್ಲಿಷು, ಬಂತಲ್ಲ! ನನ್ನ ಶ್ರಮದ ಫಲವನ್ನು ಕಣ್ಣಾರೆ ಕಾಣೋಣವೆಂದು ಬಾಗಿಲಲ್ಲಿ ಇಣುಕಿದೆ. ಭೂಮಿಕಾ ಟವೆಲ್ ಕಂಕುಳಿಗಿಟ್ಟುಕೊಂಡು, ಕಣ್ಣು ಮುಚ್ಚಿ ನಿಂತಿದ್ದಳು. ಕಣ್ಣು ಬಿಟ್ಟು ನನ್ನನ್ನು ಕಂಡಿದ್ದೇ ಓಡಿ ಬಂದಳು.

"ಮಿಸ್, ಇನ್ನೊಂಚೂರು ಹೊರಗಿರಿ. ಅಧ್ಯಕ್ಷರ ಪಾರ್ಟ್ ಮುಗೀತು, ಈಗ ನಿಮ್ದೇ ಬತ್ತೈತೆ!"