ನೋವು ಯಾರ ಕಡೆಯದು?

ಬೇರೆಯವರ ಮನೆಗೆ ನೆಂಟರು ಬರುತ್ತಾರೆ, ನಮ್ಮ ಮನೆಗೆ ಮೈಕೈ ನೋವು ಬರುತ್ತದೆ. ಬಂದಾಗಲೆಲ್ಲ ಏನಾದರೊಂದು ತಮಾಷೆ ಮಾಡಿಯೇ ಹೋಗುತ್ತದೆ. ಹೋಗುತ್ತದೆ ಅಂದೆನೇ? ಅದು ಹೋದದ್ದು ನಾನು ಕಂಡಿಲ್ಲ.

ನಮ್ಮದು ಧಾರವಾಡದ ಕಡೆಯ ಮನೆತನ. ಅಪ್ಪನಿಗೆ ದೂರದ ಬಂಗಾಳದ ಸಿಯಾಲ್ದಾದಲ್ಲಿ ರೈಲ್ವೆ ಕೆಲಸ, ಹಾಗಾಗಿ ವಾಸವೂ ಅಲ್ಲೇ. ಮನೆಯಲ್ಲಿ ಅವ್ವ, ಅಪ್ಪನ ತಾಯಿ ಅಜ್ಜಿ, ಮತ್ತು ಆಗಷ್ಟೇ ಅಲ್ಲಿನ ಸೆಕ್ಟರ್ ಫೈವ್ ಬಡಾವಣೆಯ ಸಾಫ್ಟ್‌ವೇರ್ ಕಂಪನಿ ಸೇರಿದ್ದ ನಾನು.

ಭಕ್ತರ ಮನೆ

ನಮ್ಮಲ್ಲಿ ಯಾರೂ ಸುಮ್ಮನೆ ಕೂತು ಸುಮ್ಮನೆ ಏಳುವುದಿಲ್ಲ. ಅಜ್ಜಿ ಎದ್ದರೆ "ವಿಠ್ಠಲಾ!" ಅಪ್ಪ ಎದ್ದರೆ "ರಾಘವೇಂದ್ರಾ!" ಅವ್ವ ಬಗ್ಗಿ ಕೊಡ ಎತ್ತಿದರೆ "ವೆಂಕಟರಮಣಾ!"

ಪಕ್ಕದ ಮನೆಯ ಬಂಗಾಳಿ ಮಾಶಿಮಾ, ಅಂದರೆ ಚಿಕ್ಕಮ್ಮ, ಒಂದು ದಿನ ತಟ್ಟೆ ತುಂಬ ಕೆಂಪು ದಾಸವಾಳ ತಂದರು. "ದಿನವಿಡೀ ದೇವರ ನಾಮ! ಇಂಥ ಭಕ್ತಿ ನಾನೆಲ್ಲೂ ಕಂಡಿಲ್ಲ. ನನ್ನ ಮಗನ ಪರೀಕ್ಷೆಗೂ ಸ್ವಲ್ಪ ಬೇಡಿಕೊಳ್ಳಿ" ಎಂದು ಹಿಂದಿಯಲ್ಲಿ ಕೈಮುಗಿದರು. ಅವ್ವ ಗಂಭೀರವಾಗಿ ಹೂವು ತೆಗೆದುಕೊಂಡಳು.

ಅವರು ಹೋದ ಮೇಲೆ ನಾನೆಂದೆ, "ಮಂಡಿ ನೋವು ಅಂತ ಹೇಳಬಾರದೇನವಾ?"

"ಬಾಯಿ ಮುಚ್ಚು. ನಿನಗ ವರ ನೋಡಬೇಕು. ಮನಿತನದಾಗ ಬ್ಯಾನಿ ಅದ ಅಂತ ಗೊತ್ತಾದ್ರ ಯಾರು ಬರ್ತಾರ?"

ಹುಡುಗ ಪಾಸಾದ. ಅಂದಿನಿಂದ ನಮ್ಮ ಅಜ್ಜಿ ಏಳಲು ಹೆಣಗುವಾಗ ಮಾಶಿಮಾ ಕಿಟಕಿಯಲ್ಲಿ ನಿಂತು ನಮಸ್ಕಾರ ಮಾಡತೊಡಗಿದರು.

ಸಿಹಿ ಗುಳಿಗೆ

ಅವ್ವ ದೊಡ್ಡ ಡಾಕ್ಟರ ಹತ್ತಿರ ಹೋಗುತ್ತಿರಲಿಲ್ಲ. ಓಣಿಯ ಹೋಮಿಯೋಪತಿಯವರ ಹತ್ತಿರ ಮಾತ್ರ ನೆಗಡಿಯ ನೆಪದಲ್ಲಿ ಹೋಗುವಳು. ಸಕ್ಕರೆ ಗುಳಿಗೆ ತಿಂದರೆ ರೋಗಿ ಅನ್ನಿಸಿಕೊಳ್ಳುವುದಿಲ್ಲ ಎಂದು ಅವಳ ಲೆಕ್ಕ.

ಆ ಮುದುಕರ ಪ್ರಶ್ನೆಗಳಿಗೆ ಕೊನೆ ಎಂಬುದಿಲ್ಲ. ಉಪ್ಪು ಇಷ್ಟವೋ, ಕನಸಿನಲ್ಲಿ ನೀರು ಬರುತ್ತದೋ ಎಂದೆಲ್ಲ ಕೇಳಿ, ಕಡೆಗೆ, "ಅಳುವಾಗ ಯಾರಾದರೂ ಸಮಾಧಾನ ಮಾಡಿದರೆ ಅಳು ಹೆಚ್ಚಾಗುತ್ತದೋ, ಕಡಿಮೆಯಾಗುತ್ತದೋ?" ಅಂದರು.

ದುಭಾಷಿಯಾಗಿ ಹೋಗಿದ್ದ ನನಗೆ ಅವ್ವ ಹೇಳಿದಳು, "ಇನ್ನೂ ತನಕಾ ಯಾರೂ ಸಮಾಧಾನ ಮಾಡಿಲ್ಲಂತ ಹೇಳು. ಮಾಡಿದ ದಿವಸ ಬಂದು ತಿಳಸ್ತೀನಿ."

ನನ್ನ ಸರದಿ

ಅಷ್ಟರಲ್ಲಿ ನನಗೂ ಶುರುವಾಯಿತು. ರಾತ್ರಿಯೆಲ್ಲ ನಿದ್ದೆ ಮಾಡಿ, ಬೆಳಿಗ್ಗೆ ಮೂಟೆ ಹೊತ್ತವಳ ಹಾಗೆ ಏಳುತ್ತಿದ್ದೆ. ಹೆಗಲು, ಕುತ್ತಿಗೆ, ಸೊಂಟ, ಎಲ್ಲವೂ ಸರದಿಯಂತೆ ನೋಯುತ್ತಿದ್ದವು. ಆಫೀಸಿನ ಕ್ಯಾಬ್ ಹತ್ತಿದ್ದು ಗೊತ್ತು, ಇಳಿದದ್ದು ಗೊತ್ತಿಲ್ಲ.

ಟೀಮ್ ಲೀಡರ್ ಕರೆಸಿದ. "ಇದೇನೆಂದು ಡಾಕ್ಟರಿಗೆ ತೋರಿಸು, ಇಲ್ಲವಾದರೆ ಕೆಲಸ ಬಿಡು. ನಿನ್ನ ವಯಸ್ಸಿನಲ್ಲಿ ನಾನು ದಣಿವು ಅಂದರೇನೆಂದೇ ಕಂಡಿರಲಿಲ್ಲ."

ಅವನು ನನಗಿಂತ ಚಿಕ್ಕವನು. ನನ್ನ ವಯಸ್ಸನ್ನು ಯಾವಾಗ ಕಂಡನೋ ದೇವರೇ ಬಲ್ಲ.

ಡಾಕ್ಟರ ಮುಂದೆ

ಆ ಕೆಲಸ ನನಗೆ ಪ್ರಾಣ. ಹಾಗಾಗಿ ಡಾಕ್ಟರ ಹತ್ತಿರ ಹೋದೆ. ನಾನು ಏನಾದರೂ ಬಾಯಿ ಬಿಟ್ಟೇನೆಂದು ಅವ್ವ ಕಾವಲಿಗೆ ಬಂದಳು. ಅವ್ವ ಏನಾದರೂ ಬಾಯಿ ಬಿಟ್ಟಾಳೆಂದು ಅಜ್ಜಿ ಕಾವಲಿಗೆ ಬಂದಳು.

ಡಾಕ್ಟರು ಹೆಂಗಸು, ಒಳ್ಳೆಯವರು. ನನ್ನ ಹೆಗಲು ಒತ್ತಿದಾಗ ನಾನು ಕಿರುಚಿಕೊಂಡೆ. "ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಿದೆಯೇ?" ಎಂದು ಹಿಂದಿಯಲ್ಲಿ ಕೇಳಿದರು.

"ಯಾರಿಗೂ ಇಲ್ಲ" ಎಂದಳು ಅವ್ವ. "ನಮ್ಮ ವಂಶದಾಗ ಎಲ್ಲಾರೂ ಕಲ್ಲುಗುಂಡು" ಎಂದು ಅಜ್ಜಿ ಕನ್ನಡದಲ್ಲೇ ಘೋಷಿಸಿದಳು.

"ಹಾಗಿದ್ದರೆ ಕಂಪ್ಯೂಟರ್ ಕೆಲಸದ್ದೇ ಇರಬೇಕು. ಕೆಲವು ತಿಂಗಳು ಕೆಲಸ ಬಿಟ್ಟು ನೋಡಿ."

ನನಗೆ ಅಳು ಬಂತು. ತಡೆಯಲಿಲ್ಲ. ಅವ್ವ ನನ್ನನ್ನು ನೋಡಿದಳು, ಅಜ್ಜಿಯನ್ನು ನೋಡಿದಳು, ಆಮೇಲೆ ತನ್ನ ಹರಕು ಹಿಂದಿಯಲ್ಲಿ ಹೇಳಿಬಿಟ್ಟಳು: "ನನಗೂ ಇದೆ, ಡಾಕ್ಟರಮ್ಮ. ಮದುವೆಗೆ ಮೊದಲಿನಿಂದಲೂ ಇದೆ. ನಾನು ಕಂಪ್ಯೂಟರ್ ಮುಟ್ಟಿಲ್ಲ. ಅವಳ ಕೆಲಸ ಬಿಡಿಸಬೇಡಿ."

ಡಾಕ್ಟರು ಎದ್ದು ಬಂದು ಅವ್ವನ ಹೆಗಲು ಒತ್ತಿದರು. ನಾನು ಕಿರುಚಿದ ರಾಗದಲ್ಲೇ ಅವ್ವನೂ ಕಿರುಚಿದಳು.

"ಇದೊಂದು ಕಾಯಿಲೆ. ಎಷ್ಟೋ ಮನೆತನಗಳಲ್ಲಿ ಹೀಗೆ ತಾಯಿಗೂ ಮಗಳಿಗೂ ಕಾಣಿಸಿಕೊಳ್ಳುತ್ತದೆ. ಪರೀಕ್ಷೆಗಳನ್ನು ಮಾಡಿಸೋಣ. ಕೆಲಸ ಬಿಡುವುದು ಬೇಡ. ಸರಿಯಾದ ನಿದ್ದೆ, ಸ್ವಲ್ಪ ಸ್ವಲ್ಪವಾಗಿ ವ್ಯಾಯಾಮ" ಎಂದರು ಡಾಕ್ಟರು.

ಅವ್ವ ನನ್ನ ಕಿವಿಯಲ್ಲಿ ಕೇಳಿದಳು, "ಹಂಗಾದ್ರ ನಾ ಮೈಗಳ್ಳಿ ಅಲ್ಲೇನು?"

"ಅಲ್ಲವಾ" ಎಂದೆ. ಇಷ್ಟು ವರ್ಷ ಅವಳು ಹಾಗಂದುಕೊಂಡೇ ದುಡಿದಿದ್ದಳಲ್ಲ! ಅವಳ ಕೈ ಹಿಡಿದುಕೊಂಡು ಕೂತೆ.

ಡಾಕ್ಟರು ಮುಂದುವರಿಸಿದರು. "ಇದಿರುವವರ ಮೇಲೆ ಮನೆಯ ಕೆಲಸವನ್ನೆಲ್ಲ ಹೇರಬಾರದು. ಮಧ್ಯಾಹ್ನ ಮಲಗಿದರೆ ಯಾರೂ ಎಬ್ಬಿಸಬಾರದು. ಬೈಯಲಂತೂ ಬಾರದು."

ಅಜ್ಜಿಗಾಗಿ ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಹೇಳಿ ಮುಗಿಸುವಷ್ಟರಲ್ಲಿ ಅಜ್ಜಿ ಕುರ್ಚಿ ಸಮೇತ ಮುಂದೆ ಸರಿದು, ಡಾಕ್ಟರ ಕೈಗೆ ಸಿಗುವ ಹಾಗೆ ತನ್ನ ಹೆಗಲು ಒಡ್ಡಿದಳು.

"ಹೇಳವಾ ಅವರಿಗೆ, ಇದು ಮೂಲದಾಗ ನನ್ನದು. ಮೊಮ್ಮಗಳಿಗಷ್ಟ ಅಲ್ಲ, ಸೊಸಿಗೂ ನನ್ನಿಂದನ ಬಂದದ!"